ಬೀಸೆಕಲ್ಲು ಆಗದಿರಲಿ ಬೈಸಿಕಲ್ಲು

ಮಲೆನಾಡಿಗೆ ಬೈಸಿಕಲ್ಲು ಹೊಸದಾಗಿ ಬಂದಾಗ ಹಳ್ಳಿಯವರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗಿಬಿಟ್ಟಿತ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿ ಓದಿದವರಿಗೆ ಆ ಪ್ರಸಂಗ ನೆನಪಿದ್ದೀತು. ಹೆಸರಿನಲ್ಲಿ ತಮಾಷೆ ಇದ್ದರೂ ಒಂದು ಸತ್ಯವೂ ಅಡಗಿದೆ. ಬಯಲುಸೀಮೆಯ ಸಮತಟ್ಟು ರಸ್ತೆಯಲ್ಲಿ ಹಗುರವಾಗಿ ಓಡುವ ಸೈಕಲ್ಲು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಏರುದಾರಿಯಲ್ಲಿ ತಳ್ಳಿಕೊಂಡು ಹೋಗಬೇಕಾದ ಕಲ್ಲೇ ಸರಿ. ಏರಿನ ಬುಡದಲ್ಲಿ ಇಳಿಯಬೇಕು, ತುದಿ ಮುಟ್ಟುವವರೆಗೆ ತಳ್ಳಬೇಕು, ಹತ್ತಿ ಕೂತು ಉಸಿರು ಬಿಡುವಷ್ಟರಲ್ಲಿ ಮುಂದಿನ ಏರು. ಆದ್ದರಿಂದಲೇ ಇಲ್ಲಿನ ಮಕ್ಕಳು ಸೈಕಲ್ಲಿಗಿಂತ ಬಸ್ಸನ್ನೇ ಹೆಚ್ಚು ನಂಬಿ ಶಾಲೆ ಕಲಿತರು.

ಆ ಬಸ್ಸಿನ ಕತೆಯೂ ಬದಲಾಗಿದೆ. ಕೊಪ್ಪದಲ್ಲಿ ಕಾರ್ಮಿಕರೇ ಒಂದಾಗಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆಯ ಬಸ್ಸುಗಳು ಮೂರು ದಶಕಗಳ ಹತ್ತಿರ ಒಳಹಳ್ಳಿಗಳನ್ನು ಪೇಟೆಗೆ ಜೋಡಿಸಿದ್ದವು. 2020ರಲ್ಲಿ ಅವು ನಿಂತುಹೋದವು. ಬೇರೆ ಬಸ್ಸುಗಳು ಓಡಾಡುತ್ತವೆಯಾದರೂ ತೋಟದ ಮನೆಯಿಂದ ಮುಖ್ಯರಸ್ತೆಗೆ ಮೂರು ನಾಲ್ಕು ಕಿಲೋಮೀಟರು ನಡೆಯಬೇಕಾದ ಮಕ್ಕಳಿಗೆ, ಸಂಜೆಯ ಬಸ್ಸು ತಪ್ಪಿದರೆ ಕತ್ತಲಲ್ಲಿ ಮನೆ ಸೇರಬೇಕಾದ ಪಿಯುಸಿ ಹುಡುಗಿಯರಿಗೆ, ಸ್ವಂತದ ಒಂದು ವಾಹನ ಇದ್ದರೆ ಎಂಬ ಆಸೆ ಸಹಜ. ಆ ಆಸೆಗೆ ಈಗ ಹೊಸದೊಂದು ಉತ್ತರ ಸಿಕ್ಕಿದೆ. ದಪ್ಪ ಟಯರಿನ, ಗೇರಿನ, ಬ್ಯಾಟರಿಯ ಬಲದಿಂದ ಏರು ಹತ್ತುವ ವಿದ್ಯುತ್ ಮೌಂಟನ್ ಬೈಕು. ಹೊಸದರ ಬೆಲೆ ಕೇಳಿದರೆ ಅಡಿಕೆ ಕೊಯ್ಲಿನ ತನಕ ಕಾಯಬೇಕು. ಹಾಗಾಗಿ ಕಣ್ಣು ಹಳೆಯದರ ಕಡೆ ಹೊರಳುತ್ತದೆ.

‘ಅಪ್ಪಯ್ಯ, ಬರೀ ಎರಡು ವರ್ಷ ಹಳೇದಂತೆ. ಒಂದ್ಸಲ ಚಾರ್ಜ್ ಮಾಡಿದ್ರೆ ಐವತ್ತು ಕಿಲೋಮೀಟರ್ ಓಡ್ತದಂತೆ’ ಎಂದು ಮಗಳು ಫೋನಿನಲ್ಲಿ ಬೆಂಗಳೂರಿನ ಜಾಹೀರಾತು ತೋರಿಸುತ್ತಾಳೆ. ಫೋಟೋದಲ್ಲಿ ಬಣ್ಣ ಫಳಫಳ ಹೊಳೆಯುತ್ತದೆ. ಅಪ್ಪನಿಗೆ ಬೆಲೆ ಸರಿಯೆನಿಸುತ್ತದೆ. ಇಬ್ಬರೂ ಕೇಳಬೇಕಾದ ಪ್ರಶ್ನೆ ಮಾತ್ರ ಫೋಟೋದಲ್ಲಿ ಕಾಣದು. ಹಳೆಯ ವಿದ್ಯುತ್ ಸೈಕಲ್ಲು ಕೊಳ್ಳುವುದೆಂದರೆ ನಿಜದಲ್ಲಿ ಹಳೆಯ ಬ್ಯಾಟರಿಯೊಂದನ್ನು ಕೊಳ್ಳುವುದು. ಚೌಕಟ್ಟು, ಚಕ್ರ, ಸರಪಳಿ ಎಲ್ಲವೂ ಅದರ ಜೊತೆಗೆ ಬರುವ ಸಾಮಾನು. ಆ ಬ್ಯಾಟರಿಯಲ್ಲಿ ಇನ್ನೆಷ್ಟು ಜೀವ ಉಳಿದಿದೆ ಎಂದು ಅಳೆಯುವ ವಿದ್ಯೆಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲೇ ಇದೆ.

ಹಳೆಯ ಸೈಕಲ್ಲಿನಿಂದಲೇ ಹುಟ್ಟಿದ್ದು

ಹಳೆಯದೆಂದು ಮೂಗು ಮುರಿಯುವವರು ಒಂದು ಸಂಗತಿ ತಿಳಿದಿರಬೇಕು. ಮೌಂಟನ್ ಬೈಕ್ ಎಂಬ ಜಾತಿ ಹುಟ್ಟಿದ್ದೇ ಗುಜರಿಗೆ ಹೋಗಬೇಕಿದ್ದ ಸೈಕಲ್ಲುಗಳಿಂದ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಎಂಬಲ್ಲಿ ಕೆಲವು ಯುವಕರು 1930–40ರ ದಶಕಗಳ ದಪ್ಪ ಟಯರಿನ ಹಳೆ ಸೈಕಲ್ಲುಗಳನ್ನು ಹುಡುಕಿ ತಂದು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸಿ ಆಡುತ್ತಿದ್ದರು. ಆ ಆಟದಿಂದ ಹೊಸ ಚೌಕಟ್ಟು, ಹೊಸ ಗೇರು, ಹೊಸ ಬ್ರೇಕು ಬಂದವು.

ಸೈಕಲ್ಲಿಗೆ ವಿದ್ಯುತ್ ಮೋಟಾರು ಕೂಡಿಸುವ ಯೋಚನೆ ಅದಕ್ಕಿಂತಲೂ ಹಳೆಯದು. ಹಿಂಚಕ್ರದ ಗುಂಭದಲ್ಲೇ ಮೋಟಾರು ಇರುವ ಸೈಕಲ್ಲಿಗೆ ಆಗ್ಡನ್ ಬೋಲ್ಟನ್ ಎಂಬಾತ ಅಮೆರಿಕದಲ್ಲಿ 1895ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದ. ಇಂದು ಭಾರತದಲ್ಲಿ ಹೀರೋ ಲೆಕ್ಟ್ರೋ, ಇಮೋಟೊರಾಡ್ ಮೊದಲಾದವರು ಮಾಡುವ ಹೆಚ್ಚಿನ ಸೈಕಲ್ಲುಗಳಲ್ಲೂ ಮೋಟಾರು ಹಿಂಚಕ್ರದ ಗುಂಭದಲ್ಲೇ ಇದೆ. ನೂರು ವರ್ಷ ಆ ಯೋಚನೆ ನೆಲ ಕಚ್ಚಿದ್ದಕ್ಕೆ ಕಾರಣ ಬ್ಯಾಟರಿ. ಸೀಸ ಮತ್ತು ಆಮ್ಲದ ಬ್ಯಾಟರಿ ಅತಿ ಭಾರ. ತುಳಿಯುವವನಿಗೆ ಮೋಟಾರು ನೆರವಾಗುವ ಸೈಕಲ್ಲನ್ನು ಜಪಾನಿನ ಯಮಹಾ ಕಂಪನಿ 1993ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಎರಡು ವರ್ಷ ಮೊದಲು, 1991ರಲ್ಲಿ, ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರಾಟಕ್ಕೆ ಬಿಟ್ಟಿತ್ತು. ಮುಂದೆ ಇವೆರಡೂ ಒಂದಾದಾಗಲೇ ಏರು ಹತ್ತುವ ಹಗುರ ಸೈಕಲ್ಲು ಸಾಧ್ಯವಾಯಿತು. ಆ ಬ್ಯಾಟರಿಗೆ ತಳಪಾಯ ಹಾಕಿದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಿಕ್ಕಿತು.

ಹೂಳು ತುಂಬಿದ ಹಂಡೆ

ವಿದ್ಯುತ್ ಸೈಕಲ್ಲಿನ ಬ್ಯಾಟರಿ ಒಂದೇ ಗಟ್ಟಿ ತುಂಡಲ್ಲ. ಅದರೊಳಗೆ ಸಾಮಾನ್ಯವಾಗಿ 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದದ ಸಣ್ಣ ಕೋಶಗಳು ಸಾಲಾಗಿ ಕೂತಿರುತ್ತವೆ. ಟಾರ್ಚಿನ ಸೆಲ್ಲಿನ ತಮ್ಮಂದಿರೆನ್ನಬಹುದು. ಒಂದೊಂದರ ವೋಲ್ಟೇಜು ಸುಮಾರು 3.6. ಅಂಥ ಹತ್ತನ್ನು ಸರಣಿಯಲ್ಲಿ ಜೋಡಿಸಿದರೆ 36 ವೋಲ್ಟು. ಪೂರ್ತಿ ತುಂಬಿದಾಗ ಒಂದು ಕೋಶ 4.2 ವೋಲ್ಟು ತೋರುವುದರಿಂದ ಇಡೀ ಬ್ಯಾಟರಿ 42 ತೋರುತ್ತದೆ. ಇಂಥ ಸಾಲುಗಳನ್ನು ಸಮಾಂತರವಾಗಿ ಹೆಚ್ಚಿಸಿದಷ್ಟೂ ಆಂಪಿಯರ್-ಗಂಟೆ ಹೆಚ್ಚುತ್ತದೆ. 36 ವೋಲ್ಟಿನ, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವ ಶಕ್ತಿ 36 × 10, ಅಂದರೆ 360 ವ್ಯಾಟ್-ಗಂಟೆ. ಮನೆಯ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ಟು 1,000 ವ್ಯಾಟ್-ಗಂಟೆ. ಅಂದರೆ ಸೈಕಲ್ಲಿನ ಹೊಟ್ಟೆ ತುಂಬಲು ಅರ್ಧ ಯೂನಿಟ್ಟೂ ಬೇಡ.

ಮಾರುವವರು ಮಲ್ಟಿಮೀಟರು ಹಿಡಿದು, ‘ನೋಡಿ ಸರ್, ನಲವತ್ತೆರಡು ವೋಲ್ಟು ಸರಿಯಾಗಿ ತೋರಿಸ್ತಿದೆ, ಬ್ಯಾಟರಿ ಹೊಸದರ ಹಾಗೇ ಇದೆ’ ಎನ್ನುವುದುಂಟು. ಇಲ್ಲಿ ಬಚ್ಚಲುಮನೆಯ ಹಂಡೆಯನ್ನು ನೆನೆಯಬೇಕು. ಹಂಡೆಯ ಅರ್ಧದವರೆಗೆ ಹೂಳು ತುಂಬಿದೆ, ಮೇಲೆ ಕಂಠದ ತನಕ ನೀರಿದೆ ಎಂದಿಟ್ಟುಕೊಳ್ಳಿ. ಮೇಲಿನಿಂದ ನೋಡಿದವರಿಗೆ ಹಂಡೆ ತುಂಬಿದೆ. ಮೊಗೆಯತೊಡಗಿದರೆ ಒಬ್ಬರ ಸ್ನಾನಕ್ಕೇ ಮುಗಿಯುತ್ತದೆ. ವೋಲ್ಟೇಜು ಎಂಬುದು ನೀರಿನ ಮಟ್ಟ. ಆಂಪಿಯರ್-ಗಂಟೆ ಎಂಬುದು ನೀರಿನ ಪ್ರಮಾಣ. ಹಳೆಯ ಬ್ಯಾಟರಿಯೂ ತುಂಬಿದಾಗ 42 ವೋಲ್ಟನ್ನೇ ತೋರಿಸುತ್ತದೆ. ಮಟ್ಟ ನೋಡಿ ಮೋಸಹೋಗದೆ ಪ್ರಮಾಣ ಅಳೆಯಬೇಕು.

ಅಳೆಯಲು ಗಡಿಯಾರ ಸಾಕು

ಪ್ರಮಾಣ ಅಳೆಯುವ ಸುಲಭ ಉಪಾಯ ಒಂದಿದೆ. ಚಾರ್ಜರಿನ ಬೆನ್ನ ಮೇಲೆ ಅದು ಕೊಡುವ ವೋಲ್ಟು ಮತ್ತು ಆಂಪಿಯರು ಅಚ್ಚಾಗಿರುತ್ತವೆ. ಉದಾಹರಣೆಗೆ 42 ವೋಲ್ಟು, 2 ಆಂಪಿಯರು. ಮೊದಲು ಸೈಕಲ್ಲನ್ನು ಮೋಟಾರು ತಾನಾಗಿ ನಿಲ್ಲುವವರೆಗೆ ಓಡಿಸಬೇಕು. ಬ್ಯಾಟರಿ ಅರ್ಧ ಗಂಟೆ ತಣಿದ ಮೇಲೆ ಚಾರ್ಜಿಗೆ ಹಾಕಿ ಗಡಿಯಾರ ನೋಡಬೇಕು. 10 ಆಂಪಿಯರ್-ಗಂಟೆಯ ಹೊಸ ಬ್ಯಾಟರಿಗೆ 2 ಆಂಪಿಯರಿನಂತೆ ತುಂಬಲು 5 ಗಂಟೆ ಬೇಕು. ಕೊನೆಯ ಹಂತದಲ್ಲಿ ಚಾರ್ಜರು ಪ್ರವಾಹವನ್ನು ತಾನೇ ಇಳಿಸುವುದರಿಂದ ಇನ್ನೂ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಎರಡೂವರೆ ಗಂಟೆಗೇ ಹಸಿರು ದೀಪ ಹತ್ತಿದರೆ? ‘ಎಷ್ಟು ಬೇಗ ಚಾರ್ಜಾಯ್ತು’ ಎಂದು ಹಿಗ್ಗಬಾರದು. ಹಂಡೆಯಲ್ಲಿ ಅರ್ಧ ಹೂಳಿದೆ ಎಂದು ಅರ್ಥ ಮಾಡಿಕೊಳ್ಳಬೇಕು.

ಇನ್ನೊಂದು ಅಳತೆ ಮನೆಯ ಗೋಡೆಯ ಮೇಲೆಯೇ ಇದೆ. ಮೆಸ್ಕಾಂ ಹಾಕಿದ ಡಿಜಿಟಲ್ ಮೀಟರಿನಲ್ಲಿ ಮಿನುಗುವ ಪುಟ್ಟ ದೀಪವಿದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆಂದು ಮೀಟರಿನ ಮೇಲೆಯೇ ಬರೆದಿರುತ್ತದೆ. ಬೇರೆಲ್ಲ ಸ್ವಿಚ್ಚು ಆರಿಸಿ, ಚಾರ್ಜರು ಒಂದನ್ನೇ ಓಡಿಸಿ, ಆರಂಭದ ಹತ್ತು ನಿಮಿಷದ ಮಿನುಗು ಎಣಿಸಿದರೆ ಚಾರ್ಜರು ಎಳೆಯುವ ವ್ಯಾಟು ಸಿಗುತ್ತದೆ. ಅದನ್ನು ಗಂಟೆಯಿಂದ ಗುಣಿಸಿದರೆ ಒಟ್ಟು ಶಕ್ತಿಯ ಅಂದಾಜು ದೊರೆಯುತ್ತದೆ. ಚಾರ್ಜರಿನಲ್ಲಿ ಬಿಸಿಯಾಗಿ ಹೋಗುವ ಪಾಲನ್ನು ನೂರಕ್ಕೆ ಹದಿನೈದರಷ್ಟು ಕಳೆದರೆ ಆಯಿತು. ಹತ್ತನೇ ತರಗತಿಯ ಮಕ್ಕಳಿಗೆ ಇದಕ್ಕಿಂತ ಚೆಂದದ ಪ್ರಯೋಗ ಬೇರೆ ಬೇಕಿಲ್ಲ.

ಮಾರುವವರು ಇಷ್ಟಕ್ಕೆಲ್ಲ ಸಮಯ ಕೊಡದಿದ್ದರೆ ಏರೇ ಪರೀಕ್ಷಕ. ಬ್ಯಾಟರಿ ಮುಕ್ಕಾಲು ತುಂಬಿರುವಾಗ ಕಡಿದಾದ ಏರಿಗೆ ಸೈಕಲ್ಲನ್ನು ಹತ್ತಿಸಬೇಕು. ಹ್ಯಾಂಡಲಿನ ಮೇಲಿನ ಸೂಚಕದಲ್ಲಿ ಮೂರು ಗೆರೆ ಇದ್ದದ್ದು ಏರು ಹತ್ತುವಾಗ ಒಂದಕ್ಕಿಳಿದು, ನಿಂತೊಡನೆ ಮತ್ತೆ ಮೂರಕ್ಕೇರಿದರೆ ಬ್ಯಾಟರಿ ಬಳಲಿದೆ. ಕಾರಣವನ್ನು ಪಿಯುಸಿ ಭೌತಶಾಸ್ತ್ರ ಹೇಳುತ್ತದೆ. ಪ್ರತಿ ಕೋಶಕ್ಕೂ ಆಂತರಿಕ ರೋಧವಿದೆ. ಪ್ರವಾಹ ಹರಿದಾಗ ಅದರಲ್ಲಿ ಒಂದಿಷ್ಟು ವೋಲ್ಟೇಜು ಕಳೆದುಹೋಗುತ್ತದೆ. ಮೋಟಾರು 12 ಆಂಪಿಯರು ಎಳೆಯುತ್ತಿದೆ, ಆಂತರಿಕ ರೋಧ 0.15 ಓಮ್ ಇದೆ ಎಂದರೆ ನಷ್ಟ 1.8 ವೋಲ್ಟು. ಮುಪ್ಪಿನಿಂದ ರೋಧ 0.4 ಓಮಿಗೆ ಏರಿದರೆ ನಷ್ಟ 4.8 ವೋಲ್ಟು. ಮಟ್ಟಸ ರಸ್ತೆಯಲ್ಲಿ ಪ್ರವಾಹ ಕಡಿಮೆ, ಹಾಗಾಗಿ ಈ ದೋಷ ಕಾಣದು. ಬೆಂಗಳೂರಿನ ಬಡಾವಣೆಯಲ್ಲಿ ಒಂದು ಸುತ್ತು ಹೊಡೆದು ‘ಪರವಾಗಿಲ್ಲ’ ಎಂದು ಕೊಂಡು ತಂದ ಸೈಕಲ್ಲು ಊರಿನ ಮೊದಲ ಏರಿನಲ್ಲೇ ಕೈಕೊಡುವುದು ಇದರಿಂದಲೇ.

‘ಎರಡು ವರ್ಷ ಮೂಲೆಯಲ್ಲೇ ಇತ್ತು, ಓಡಿಸಿದ್ದೇ ಇಲ್ಲ’ ಎಂಬ ಮಾತು ಕೇಳಲು ಹಿತ. ಮರದ ಮೇಜಿಗಾದರೆ ಅದು ಹೊಗಳಿಕೆ, ಲಿಥಿಯಂ ಬ್ಯಾಟರಿಗೆ ಅಲ್ಲ. ಸುಮ್ಮನೆ ಕೂತರೂ ಅದು ಮುಪ್ಪಾಗುತ್ತದೆ. ಪೂರ್ತಿ ತುಂಬಿಸಿ ಬಿಸಿಲ ತಾಪದಲ್ಲಿ ಇಟ್ಟರೆ ಬೇಗ ಮುಪ್ಪಾಗುತ್ತದೆ. ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಇನ್ನೂ ಅಪಾಯ. ಕೋಶದೊಳಗಿನ ತಾಮ್ರದ ಹಾಳೆ ಕರಗಿ, ಮುಂದೆ ಚಾರ್ಜು ಮಾಡುವಾಗ ಒಳಗೇ ಶಾರ್ಟ್ ಆಗುವ ಸಂಭವವಿದೆ.

ದಿನದ ದಾರಿಗೆ ಎಷ್ಟು ಬೇಕು?

ಬ್ಯಾಟರಿಯಲ್ಲಿ ಎಷ್ಟಿದೆ ಎಂದು ತಿಳಿದರೆ ಸಾಲದು. ದಿನಕ್ಕೆ ಎಷ್ಟು ಬೇಕು ಎಂದೂ ತಿಳಿಯಬೇಕು. ಕೊಪ್ಪ ಸಮುದ್ರಮಟ್ಟದಿಂದ ಸುಮಾರು 760 ಮೀಟರು, ಶೃಂಗೇರಿ ಸುಮಾರು 670 ಮೀಟರು ಎತ್ತರದಲ್ಲಿವೆ. ನಕಾಶೆ ನೋಡಿದವರು ‘ಕೊಪ್ಪದಿಂದ ಶೃಂಗೇರಿಗೆ ಬರೀ ಇಳಿಜಾರು’ ಎಂದಾರು. ರಸ್ತೆ ಹಾಗೆ ಹೋಗುವುದಿಲ್ಲ. ಗುಡ್ಡ ಹತ್ತುತ್ತದೆ, ಹಳ್ಳಕ್ಕೆ ಇಳಿಯುತ್ತದೆ, ತೋಟದ ಅಂಚಿನಲ್ಲಿ ಸುತ್ತಿ ಮತ್ತೆ ಹತ್ತುತ್ತದೆ. ಭದ್ರಾ ಹಿನ್ನೀರಿನ ಕಡೆಯ ನರಸಿಂಹರಾಜಪುರದ ದಾರಿಯೂ ಹಾಗೆಯೇ. ಸೈಕಲ್ಲಿಗೆ ಲೆಕ್ಕಕ್ಕೆ ಬರುವುದು ಎರಡು ಊರುಗಳ ಎತ್ತರದ ವ್ಯತ್ಯಾಸವಲ್ಲ, ದಾರಿಯುದ್ದಕ್ಕೂ ಹತ್ತಿದ ಏರುಗಳ ಒಟ್ಟು ಮೊತ್ತ.

ಒಂದು ಮಾದರಿ ಲೆಕ್ಕ ನೋಡಬಹುದು. ಮನೆಯಿಂದ ಕಾಲೇಜಿಗೆ 8 ಕಿ.ಮೀ., ಹೋಗಿಬರಲು 16 ಕಿ.ಮೀ. ಎರಡೂ ದಿಕ್ಕಿನ ಏರುಗಳ ಮೊತ್ತ 250 ಮೀಟರು. ವಿದ್ಯಾರ್ಥಿನಿಯ ತೂಕ 50 ಕಿಲೋ, ಚೀಲ 6 ಕಿಲೋ, ಸೈಕಲ್ಲು 24 ಕಿಲೋ, ಒಟ್ಟು 80. ಏರಿಗೆ ಬೇಕಾದ ಶಕ್ತಿ 80 × 9.8 × 250, ಅಂದರೆ 1,96,000 ಜೂಲ್. ಇದನ್ನು 3,600ರಿಂದ ಭಾಗಿಸಿದರೆ ಸುಮಾರು 54 ವ್ಯಾಟ್-ಗಂಟೆ. ಟಯರಿನ ಉರುಳು ಘರ್ಷಣೆ ಮತ್ತು ಗಾಳಿಯ ತಡೆ ಸೇರಿ ಸುಮಾರು 18 ನ್ಯೂಟನ್ ಎಂದು ಹಿಡಿದರೆ 16 ಕಿ.ಮೀ.ಗೆ 80 ವ್ಯಾಟ್-ಗಂಟೆ. ಎರಡೂ ಕೂಡಿ 134. ಹುಡುಗಿ ಹದವಾಗಿ ತುಳಿದರೆ ಒಂದು ಗಂಟೆಯ ದಾರಿಯಲ್ಲಿ 50 ವ್ಯಾಟ್-ಗಂಟೆ ಅವಳದೇ ಕಾಣಿಕೆ. ಮೋಟಾರಿನ ಪಾಲಿಗೆ ಉಳಿದದ್ದು 84. ಮೋಟಾರಿನ ದಕ್ಷತೆ ನೂರಕ್ಕೆ 70 ಎಂದುಕೊಂಡರೆ ಬ್ಯಾಟರಿಯಿಂದ ಎಳೆಯುವುದು 120 ವ್ಯಾಟ್-ಗಂಟೆ.

ಈಗ ಹೋಲಿಸಿ ನೋಡಬಹುದು. 360 ವ್ಯಾಟ್-ಗಂಟೆಯ ಹೊಸ ಬ್ಯಾಟರಿಯಾದರೆ ಮೂರು ದಿನದ ಓಡಾಟ. ಅರ್ಧ ಉಳಿದ ಬ್ಯಾಟರಿಯಲ್ಲಿ 180 ಇದೆ. ದಿನವೂ ಚಾರ್ಜು ಮಾಡಿದರೆ ಒಂದು ದಿನಕ್ಕೆ ಸಾಕು, ಸ್ವಲ್ಪ ಉಳಿಯುತ್ತದೆ. ಕಾಲು ಭಾಗ ಮಾತ್ರ ಉಳಿದಿದ್ದರೆ 90. ಬೆಳಿಗ್ಗೆ ಕಾಲೇಜು ಮುಟ್ಟಿಸುತ್ತದೆ, ಸಂಜೆ ಮನೆ ಮುಟ್ಟಿಸುವುದಿಲ್ಲ. ಮೋಟಾರು ನಿಂತ ಮೇಲೆ 24 ಕಿಲೋದ ಆ ವಾಹನ ನಿಜವಾದ ಬೀಸೆಕಲ್ಲು. ಮುಂಗಾರಿನ ಸಂಜೆ, ಜಿಗಣೆಯ ದಾರಿಯಲ್ಲಿ, ಕತ್ತಲಾಗುವ ಹೊತ್ತಿಗೆ ಅದನ್ನು ತಳ್ಳಿಕೊಂಡು ಬರುವುದು ಮಕ್ಕಳು ಪಡಬೇಕಾದ ಕಷ್ಟವಲ್ಲ. ಕಾಗದದ ಮೇಲಿನ ಐದು ನಿಮಿಷದ ಲೆಕ್ಕ ಅದನ್ನು ತಪ್ಪಿಸುತ್ತದೆ.

ಇಳಿಜಾರಿನಲ್ಲಿ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ ಎಂದು ನಂಬಿದವರಿದ್ದಾರೆ. ಗುಂಭದ ಒಳಗೆ ಸಣ್ಣ ಗೇರುಗಳಿರುವ ಸಾಮಾನ್ಯ ಮೋಟಾರುಗಳಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ವ್ಯವಸ್ಥೆ ಇರುತ್ತದೆ. ಇಳಿಯುವಾಗ ಚಕ್ರ ಮೋಟಾರನ್ನು ತಿರುಗಿಸುವುದೇ ಇಲ್ಲ. ಹತ್ತುವಾಗ ಖರ್ಚಾದದ್ದು ಮರಳಿ ಬರುವುದಿಲ್ಲ. ಅದು ಹೋಗುವುದು ಬ್ರೇಕಿಗೆ.

ಇಳಿಯುವುದೂ ಒಂದು ಲೆಕ್ಕ

ಕ್ಯಾಲಿಫೋರ್ನಿಯಾದ ಆ ಯುವಕರು 1976ರಲ್ಲಿ ಒಂದು ಪಂದ್ಯ ಶುರುಮಾಡಿದರು. ಸುಮಾರು 3 ಕಿ.ಮೀ. ದಾರಿಯಲ್ಲಿ 400 ಮೀಟರಿನಷ್ಟು ಇಳಿಯಬೇಕು. ಹಳೆ ಸೈಕಲ್ಲುಗಳ ಹಿಂಚಕ್ರದ ಗುಂಭದೊಳಗಿದ್ದ ಬ್ರೇಕು ಒಂದೇ ಇಳಿತಕ್ಕೆ ಎಷ್ಟು ಕಾಯುತ್ತಿತ್ತೆಂದರೆ ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ‘ಮತ್ತೆ ತುಂಬು’ ಎಂಬ ಅರ್ಥದ ‘ರಿಪ್ಯಾಕ್’ ಎಂಬುದೇ ಆ ಪಂದ್ಯದ ಹೆಸರಾಯಿತು.

ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. 90 ಕಿಲೋ ಒಟ್ಟು ತೂಕ 100 ಮೀಟರು ಇಳಿದರೆ ಬಿಡುಗಡೆಯಾಗುವ ಶಕ್ತಿ 88,200 ಜೂಲ್. ಅದೆಲ್ಲ ಶಾಖವಾದರೆ ಕಾಲು ಲೀಟರಿಗೂ ಮಿಗಿಲಾದ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಗಾಳಿ ಮತ್ತು ಟಯರು ಒಂದಷ್ಟನ್ನು ಕಸಿದುಕೊಂಡರೂ ದೊಡ್ಡ ಪಾಲು ಬೀಳುವುದು ಅಂಗೈಯಗಲದ ಡಿಸ್ಕಿನ ಮೇಲೆ. ವಿದ್ಯುತ್ ಸೈಕಲ್ಲು ಸಾದಾ ಸೈಕಲ್ಲಿಗಿಂತ ಸುಮಾರು ಹತ್ತು ಕಿಲೋ ಹೆಚ್ಚು ತೂಗುತ್ತದೆ. ಆದ್ದರಿಂದ ಹಳೆಯದು ಕೊಳ್ಳುವಾಗ ಬ್ರೇಕಿನ ಪ್ಯಾಡು ಎಷ್ಟು ಸವೆದಿದೆ ಎಂದು ಟಾರ್ಚು ಹಾಕಿ ನೋಡಬೇಕು. ಡಿಸ್ಕು ಸೊಟ್ಟಗಾಗಿದೆಯೇ, ನೀಲಿ ಬಣ್ಣಕ್ಕೆ ತಿರುಗಿದೆಯೇ ಎಂದೂ ಪರೀಕ್ಷಿಸಬೇಕು. ನೀಲಿಯಾದದ್ದು ಅತಿಯಾಗಿ ಕಾದ ಗುರುತು. ಬ್ರೇಕು ಹಿಡಿದೊಡನೆ ಮೋಟಾರು ನಿಲ್ಲುವ ಸ್ವಿಚ್ಚು ಬಹುತೇಕ ಸೈಕಲ್ಲುಗಳಲ್ಲಿ ಇರುತ್ತದೆ. ಹಿಂಚಕ್ರವನ್ನು ಎತ್ತಿ ಹಿಡಿದು ಅದು ಕೆಲಸ ಮಾಡುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಮಳೆಯ ಊರಿಗೆ ಹೊಂದುವುದೇ?

ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಈ ತಾಲ್ಲೂಕುಗಳ ಮಳೆಯೂ ಬಯಲುಸೀಮೆಯವರು ಊಹಿಸುವಂಥದಲ್ಲ. ಸೈಕಲ್ಲಿನ ಪಟ್ಟಿಯಲ್ಲಿ ‘ಐಪಿಎಕ್ಸ್ 4’ ಎಂದಿದ್ದರೆ ಎಲ್ಲ ದಿಕ್ಕಿನಿಂದ ಸಿಡಿಯುವ ಹನಿಗಳನ್ನು ತಡೆಯುತ್ತದೆ ಎಂದಷ್ಟೇ ಅರ್ಥ. ತುಂಬಿದ ಹಳ್ಳದಲ್ಲಿ ಗುಂಭ ಮುಳುಗಿಸಿ ದಾಟಿಸಬಹುದು ಎಂದಲ್ಲ, ಸರ್ವಿಸ್ ಸ್ಟೇಷನ್ನಿನ ಜೋರು ನೀರಿನಲ್ಲಿ ತೊಳೆಸಬಹುದು ಎಂದೂ ಅಲ್ಲ. ಹಳೆಯ ಸೈಕಲ್ಲಿನ ಬ್ಯಾಟರಿ ಹೊರತೆಗೆದು ಅದು ಕೂರುವ ಜಾಗದ ತಾಮ್ರದ ಮುಳ್ಳುಗಳನ್ನು ನೋಡಬೇಕು. ಹಸಿರು ಕಿಲುಬು ಕಂಡರೆ ನೀರು ಒಳಹೊಕ್ಕಿದೆ. ಕಪ್ಪಗೆ ಸುಟ್ಟ ಕಲೆ ಕಂಡರೆ ಕಿಡಿ ಹಾರಿದೆ. ಮೋಟಾರಿನ ಹತ್ತಿರ ಮೂಗು ಹಿಡಿದಾಗ ಸುಟ್ಟ ವಾರ್ನಿಷಿನ ವಾಸನೆ ಬಂದರೆ ಆ ವ್ಯಾಪಾರ ಅಲ್ಲಿಗೇ ಬಿಡುವುದು ಲೇಸು.

ಬ್ಯಾಟರಿಯ ಕವಚ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಬಿಚ್ಚಿ ಮತ್ತೆ ಅಂಟಿಸಿದ ಗುರುತಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಹೊಸ ಕೋಶ, ಹಳೆ ಕೋಶ ಬೆರಸಿ ಬೆಸುಗೆ ಹಾಕಿದ ಬ್ಯಾಟರಿಯಲ್ಲಿ ದುರ್ಬಲವಾದದ್ದು ಅತಿಯಾಗಿ ಕಾದು ಬೆಂಕಿ ಹಿಡಿಯಬಹುದು. ಒಂದು ಕೋಶದ ಬೆಂಕಿ ಪಕ್ಕದ್ದಕ್ಕೆ ದಾಟುತ್ತದೆ, ಸುಲಭಕ್ಕೆ ಆರುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಅಟ್ಟದ ತುಂಬ ಸೌದೆ, ಮೂಲೆಯಲ್ಲಿ ಒಣ ಅಡಿಕೆಯ ಮೂಟೆ, ದರಕಿನ ರಾಶಿ. ಅವುಗಳ ಬಳಿ ಚಾರ್ಜಿಗೆ ಹಾಕಕೂಡದು. ಎಲ್ಲರೂ ಮಲಗಿದ ಮೇಲೆಯೂ ಹಾಕಕೂಡದು. ಹೊರ ಬಾಗಿಲಿಗೆ ಅಡ್ಡವಾಗಿ ಇಡಬಾರದು. ಮಳೆಯಲ್ಲಿ ನೆನೆದು ಬಂದ ಬ್ಯಾಟರಿಯನ್ನು ಒರೆಸಿ, ಒಣಗಿದ ಮೇಲೆಯೇ ಹಾಕಬೇಕು. ಆಷಾಢದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟಿಲ್ಲದಿರುವುದು ಇಲ್ಲಿ ಹೊಸತಲ್ಲ. ಬಸ್ ಪಾಸನ್ನು ರದ್ದು ಮಾಡಿಸದಿರುವುದು ಜಾಣತನ.

ಕಾನೂನು ಮತ್ತು ಕಾಗದಪತ್ರ

ಹೆತ್ತವರು ತಿಳಿದಿರಲೇಬೇಕಾದ ಮಾತೊಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟಾರು 250 ವ್ಯಾಟಿನ ಮಿತಿಯೊಳಗಿದ್ದು, ವೇಗ ಗಂಟೆಗೆ 25 ಕಿ.ಮೀ. ಮೀರದಂತೆ ಕಟ್ಟಿದ, ಅನುಮೋದನೆ ಪಡೆದ ಮಾದರಿ ‘ಮೋಟಾರು ವಾಹನ’ ಎನಿಸುವುದಿಲ್ಲ. ಅದಕ್ಕೆ ನೋಂದಣಿಯಾಗಲಿ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ. ಆದರೆ ‘ಲಾಕ್ ತೆಗೆಸಿದ್ದೀವಿ ಸರ್, ನಲವತ್ತರಲ್ಲಿ ಹೋಗುತ್ತೆ’ ಎಂದು ಹೆಮ್ಮೆಯಿಂದ ತೋರಿಸುವ ಹಳೆ ಸೈಕಲ್ಲು ಆ ಕ್ಷಣವೇ ವಿನಾಯಿತಿ ಕಳೆದುಕೊಂಡಿರುತ್ತದೆ. ಅಪ್ರಾಪ್ತ ಮಕ್ಕಳು ಮೋಟಾರು ವಾಹನ ನಡೆಸಿ ಅಪರಾಧವಾದರೆ ಪೋಷಕರನ್ನೋ ಮಾಲೀಕರನ್ನೋ ಹೊಣೆ ಮಾಡುವ ಕಲಮು 2019ರ ತಿದ್ದುಪಡಿಯಲ್ಲಿ ಸೇರಿದೆ. 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆಮನೆ. ನಲವತ್ತರ ವೇಗದಲ್ಲಿ ಸೈಕಲ್ಲಿನ ಬ್ರೇಕು ಏನಾಗುತ್ತದೆ ಎಂಬ ಲೆಕ್ಕವಂತೂ ಬೇರೆಯೇ ಇದೆ. ವೇಗ ದುಪ್ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟು.

ಮೂಲ ಬಿಲ್ಲು, ಚೌಕಟ್ಟಿನ ಮೇಲೆ ಕೊರೆದ ಸಂಖ್ಯೆ, ಬ್ಯಾಟರಿಯ ಬೀಗದ ಎರಡು ಕೀಲಿಕೈ, ಮೂಲ ಚಾರ್ಜರು, ಈ ನಾಲ್ಕೂ ಇರಬೇಕು. ಬಿಲ್ಲೂ ಇಲ್ಲ, ಕೀಲಿಕೈಯೂ ಇಲ್ಲ ಎಂದರೆ ಕದ್ದ ಮಾಲಿರಬಹುದು. ಬಿಲ್ಲಿನ ದಿನಾಂಕವೇ ಬ್ಯಾಟರಿಯ ಜಾತಕ. ಕೊಳ್ಳುವ ಮುಂಚೆಯೇ ಕಂಪನಿಯವರಿಗೆ ಫೋನು ಮಾಡಿ ಅದೇ ಮಾದರಿಯ ಹೊಸ ಬ್ಯಾಟರಿ ಈಗ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ಕೇಳಬೇಕು. ಒಂದು ಮಾದರಿಯ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಬ್ಯಾಟರಿ ಸಿಗದ ಮಾದರಿ ಎಷ್ಟೇ ಚೆಂದವಿದ್ದರೂ ಕೊಳ್ಳಬಾರದು.

ಬೆಲೆ ಕಟ್ಟುವ ಬಗೆ

ಕೊನೆಗೆ ಚೌಕಾಸಿ. ಇದಕ್ಕೂ ಲೆಕ್ಕವಿದೆ. ಉದಾಹರಣೆಗೆ ಹೊಸ ಸೈಕಲ್ಲಿನ ಬೆಲೆ 40,000 ರೂಪಾಯಿ, ಅದರಲ್ಲಿ ಬ್ಯಾಟರಿಯದೇ 14,000 ಎಂದುಕೊಳ್ಳಬಹುದು. ಉಳಿದ ಭಾಗದ ಹೊಸ ಬೆಲೆ 26,000. ಬಳಸಿದ್ದಕ್ಕೆ ಅರ್ಧ ಕಳೆದರೆ 13,000. ಬ್ಯಾಟರಿ ಅಳೆದಾಗ ಅರ್ಧ ಸಾಮರ್ಥ್ಯ ಉಳಿದಿದೆ. ಹಾಗೆಂದು ಅದಕ್ಕೆ ಅರ್ಧ ಬೆಲೆ ಕೊಡಬಾರದು. ಅರ್ಧ ಸವೆದದ್ದು ಹೆಚ್ಚು ಕಾಲ ಬಾಳುವುದಿಲ್ಲ. 3,000 ಕೊಟ್ಟರೆ ಹೆಚ್ಚು. ಟಯರು, ಬ್ರೇಕು ಪ್ಯಾಡು, ಸರಪಳಿ ಬದಲಿಸಲು 2,000 ಕಳೆಯಬೇಕು. ಒಟ್ಟು 14,000. ಮಾರುವವರು 22,000 ಹೇಳಿದರೆ ನಡುವಿನ 8,000 ರೂಪಾಯಿ ಬರೀ ಬಣ್ಣದ ಹೊಳಪಿಗೆ. ಬ್ಯಾಟರಿ ಪೂರ್ತಿ ಸತ್ತಿದ್ದರೂ ಗಾಬರಿಯಿಲ್ಲ. ಸೈಕಲ್ಲಿಗೆ 11,000, ಕಂಪನಿಯ ಹೊಸ ಬ್ಯಾಟರಿಗೆ 14,000 ಸೇರಿ 25,000ಕ್ಕೆ ನಂಬಿಕೆಯ ವಾಹನ ಮನೆಗೆ ಬರುತ್ತದೆ. ಎಷ್ಟೋ ಸಲ ಇದೇ ಒಳ್ಳೆಯ ವ್ಯಾಪಾರ. ಅಂಕಿಗಳು ಮಾದರಿಗೆ ತಕ್ಕಂತೆ ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಸತ್ತ ಬ್ಯಾಟರಿಯನ್ನು ತೋಟದ ಗುಂಡಿಗೋ ತುಂಗೆ ಭದ್ರೆಗೋ ಎಸೆಯಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದು ತರುವಾಗಲೇ ಹಳೆಯದನ್ನು ಒಪ್ಪಿಸುವುದು ಸರಿಯಾದ ಮಾರ್ಗ.

ಈ ಅಳತೆ, ಲೆಕ್ಕಗಳನ್ನು ಅಪ್ಪನೇ ಮಾಡಬೇಕೆಂದೇನಿಲ್ಲ. ಸೈಕಲ್ಲು ಬೇಕೆಂದವರೇ ಮಾಡಲಿ. ಮೊದಲು ದಾರಿಯ ಏರುಗಳನ್ನು ಪಟ್ಟಿ ಮಾಡಲಿ, ಮನೆಯವರ ತೂಕದ ಯಂತ್ರದ ಮೇಲೆ ಪುಸ್ತಕದ ಚೀಲವನ್ನೂ ಇಟ್ಟು ನೋಡಲಿ, ಮೀಟರಿನ ಮಿನುಗು ಎಣಿಸಲಿ. ಸೂತ್ರ ಬರೆದು ಹತ್ತರಲ್ಲಿ ಹತ್ತು ಅಂಕ ತಂದ ಹುಡುಗಿ, ಅದೇ ಸೂತ್ರದಿಂದ ಮನೆಯ ಎಂಟು ಸಾವಿರ ರೂಪಾಯಿ ಉಳಿಸಿದ ದಿನ ವಿಜ್ಞಾನ ಕಲಿತಳೆಂದು ಹೇಳಬಹುದು.